ಸಾಕಣೆಯಲ್ಲಿ ಕಟ್ಲ್‌ಫಿಶ್ ಮರಿಗಳ ಆರಂಭಿಕ ಬೆಳವಣಿಗೆ

ಕಟ್ಲ್‌ಫಿಶ್ ಮರಿಗಳ ಆರಂಭಿಕ ಬೆಳವಣಿಗೆ ಎಂದರೆ ಮೊಟ್ಟೆಯೊಡೆದ ದಿನದಿಂದ ಮೊದಲ ಎರಡು ಮೂರು ತಿಂಗಳವರೆಗೆ ಮರಿಯ ತೂಕ, ಉದ್ದ, ಅಂಗರಚನೆ ಹಾಗೂ ವರ್ತನೆಯಲ್ಲಿ ಉಂಟಾಗುವ ಬದಲಾವಣೆಗಳ ಕ್ರಮ. ಹೆಸರಿನಲ್ಲಿ 'ಫಿಶ್' ಎಂಬ ಪದವಿದ್ದರೂ ಕಟ್ಲ್‌ಫಿಶ್ ಮೀನಲ್ಲ. ಅದು ಬೊಂಡಾಸ್ ಮತ್ತು ಅಷ್ಟಪದಿಗಳಂತೆ ಮೃದ್ವಂಗಿಗಳ ವಂಶದ ಶಿರಪಾದಿ ವರ್ಗಕ್ಕೆ ಸೇರಿದ ಪ್ರಾಣಿ. ಕರ್ನಾಟಕದ ಕರಾವಳಿಯಲ್ಲಿ ಇದನ್ನು ಕಪ್ಪೆ ಬೊಂಡಾಸ್ ಎಂದು ಕರೆಯುವುದುಂಟು. ಆಯುರ್ವೇದದಲ್ಲಿ ಸಮುದ್ರಫೇನವೆಂದು ಹೆಸರಾದ, ಪಂಜರದ ಹಕ್ಕಿಗಳಿಗೆ ಕೊಕ್ಕು ಉಜ್ಜಲು ಇಡುವ ಬಿಳಿಯ ಹಗುರ ವಸ್ತು ಇದೇ ಪ್ರಾಣಿಯ ಒಳಚಿಪ್ಪು.

ಸಾಕಣೆಯಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದ ಪ್ರಭೇದ ಯುರೋಪಿನ ಸಾಮಾನ್ಯ ಕಟ್ಲ್‌ಫಿಶ್. ಇದರ ವೈಜ್ಞಾನಿಕ ಹೆಸರು ಸೆಪಿಯಾ ಅಫಿಸಿನಾಲಿಸ್. ಲಿನೇಯಸ್ 1758ರಲ್ಲಿ ಇದನ್ನು ಹೆಸರಿಸಿದನು. ಪೂರ್ವ ಅಟ್ಲಾಂಟಿಕ್ ಸಾಗರ, ಇಂಗ್ಲಿಷ್ ಕಾಲುವೆ ಮತ್ತು ಮೆಡಿಟರೇನಿಯನ್ ಸಮುದ್ರ ಇದರ ನೆಲೆ. ಹಿಂದೂ ಮಹಾಸಾಗರದಲ್ಲಿ ವಾಸಿಸುವ ಫರೋ ಕಟ್ಲ್‌ಫಿಶ್, ಅಂದರೆ ಸೆಪಿಯಾ ಫರಾವೋನಿಸ್, ಭಾರತ ಮತ್ತು ಥಾಯ್ಲೆಂಡ್‌ಗಳಲ್ಲಿ ಸಾಕಣೆಯ ಪ್ರಯೋಗಗಳಿಗೆ ಬಳಕೆಯಾಗಿದೆ. ಈ ಲೇಖನದಲ್ಲಿ ಬೇರೆ ಪ್ರಭೇದದ ಹೆಸರು ಹೇಳದಿರುವಲ್ಲಿ ವಿವರಗಳು ಯುರೋಪಿನ ಸಾಮಾನ್ಯ ಕಟ್ಲ್‌ಫಿಶ್‌ಗೆ ಸಂಬಂಧಿಸಿವೆ.

ಕಟ್ಲ್‌ಫಿಶ್‌ನ ಆಯುಸ್ಸು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಮಾತ್ರ. ಇಷ್ಟು ಅಲ್ಪ ಅವಧಿಯಲ್ಲಿ ಪ್ರಾಣಿಯು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ತೂಕದಿಂದ ಆರಂಭಿಸಿ ಅದರ ಸಾವಿರಾರು ಪಟ್ಟು ಬೆಳೆಯುತ್ತದೆ. ಈ ವೇಗದ ಬಹುಭಾಗ ಮೊದಲ ಕೆಲವು ತಿಂಗಳುಗಳಲ್ಲೇ ಕಾಣಿಸುತ್ತದೆ. ಸಾಕಣೆಯಲ್ಲಿ ಹೆಚ್ಚಿನ ಸಾವುಗಳು ಸಂಭವಿಸುವುದೂ ಇದೇ ಕಾಲದಲ್ಲಿ. ಆದ್ದರಿಂದ ಮೊದಲ ತಿಂಗಳನ್ನು ದಾಟಿಸುವುದು ಕಟ್ಲ್‌ಫಿಶ್ ಸಾಕಣೆಯ ಅತ್ಯಂತ ಕಠಿಣ ಘಟ್ಟವೆಂದು ಪರಿಗಣಿಸಲಾಗಿದೆ.

ಮೊಟ್ಟೆ ಮತ್ತು ಭ್ರೂಣಾವಸ್ಥೆ

ಹೆಣ್ಣು ಕಟ್ಲ್‌ಫಿಶ್ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಪ್ರತಿಯೊಂದು ಮೊಟ್ಟೆಯನ್ನು ಕಡಲಕಳೆ, ಕಡಲಹುಲ್ಲು, ಹಗ್ಗ ಅಥವಾ ಮೀನುಗಾರರ ಬೋನುಗಳಿಗೆ ಸುತ್ತಿ ಕಟ್ಟುತ್ತದೆ. ಹೀಗೆ ಒಂದೆಡೆ ಸೇರಿದ ಮೊಟ್ಟೆಗಳು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತವೆ. ಮೊಟ್ಟೆಯ ಹೊದಿಕೆಗೆ ತಾಯಿಯ ಶಾಯಿ ಬೆರೆತಿರುವುದರಿಂದ ಸಾಮಾನ್ಯ ಕಟ್ಲ್‌ಫಿಶ್‌ನ ಮೊಟ್ಟೆಗಳು ಕಪ್ಪಾಗಿರುತ್ತವೆ. ಫರೋ ಕಟ್ಲ್‌ಫಿಶ್‌ನ ಮೊಟ್ಟೆಗಳಲ್ಲಿ ಶಾಯಿ ಇರುವುದಿಲ್ಲ. ಅವು ಬೆಳ್ಳಗೆ, ಅರೆಪಾರದರ್ಶಕವಾಗಿರುತ್ತವೆ.

ಭ್ರೂಣದ ಬೆಳವಣಿಗೆಯ ಅವಧಿಯನ್ನು ನಿರ್ಧರಿಸುವ ಮುಖ್ಯ ಅಂಶ ನೀರಿನ ಉಷ್ಣತೆ. ಸಾಮಾನ್ಯ ಕಟ್ಲ್‌ಫಿಶ್‌ನ ಮೊಟ್ಟೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆಯಲು ಸುಮಾರು 80ರಿಂದ 90 ದಿನ ಬೇಕಾದರೆ, 20 ಡಿಗ್ರಿಯಲ್ಲಿ ಸುಮಾರು 40ರಿಂದ 45 ದಿನ ಸಾಕು. ಉಷ್ಣವಲಯದ ಫರೋ ಕಟ್ಲ್‌ಫಿಶ್‌ನ ಮೊಟ್ಟೆಗಳು 28 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಎರಡು ವಾರಗಳಲ್ಲಿ ಒಡೆಯುತ್ತವೆ. ಬೇಗ ಒಡೆಯುವುದು ಲಾಭವೇ ಎಂದು ಹೇಳಲಾಗದು. ತಂಪಾದ ನೀರಿನಲ್ಲಿ ನಿಧಾನವಾಗಿ ಬೆಳೆದ ಭ್ರೂಣವು ಮೊಟ್ಟೆಯೊಳಗಿನ ಆಹಾರ ಸಂಗ್ರಹವಾದ ಪೀತಕವನ್ನು ದೇಹವಾಗಿ ಹೆಚ್ಚು ಸಮರ್ಥವಾಗಿ ಪರಿವರ್ತಿಸಿಕೊಳ್ಳುತ್ತದೆ. ಅಂಥ ಮರಿ ಹುಟ್ಟುವಾಗ ತುಸು ದೊಡ್ಡದಾಗಿರುತ್ತದೆ.

ಕಾವಿನ ಕೊನೆಯ ದಿನಗಳಲ್ಲಿ ಮೊಟ್ಟೆ ನೀರನ್ನು ಹೀರಿ ಉಬ್ಬುತ್ತದೆ, ಹೊದಿಕೆ ತೆಳುವಾಗುತ್ತದೆ. ಆಗ ಒಳಗಿನ ಮರಿಗೆ ಹೊರಗಿನ ಬೆಳಕು ಮತ್ತು ಚಲನೆ ಕಾಣುತ್ತದೆ. ಫ್ರಾನ್ಸಿನ ಕಾನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊಟ್ಟೆಯೊಳಗಿರುವಾಗಲೇ ಏಡಿಗಳನ್ನು ಕಂಡ ಮರಿಗಳು ಹುಟ್ಟಿದ ಬಳಿಕ ಏಡಿಗಳನ್ನೇ ಬೇಟೆಯಾಗಿ ಹೆಚ್ಚು ಆರಿಸಿಕೊಂಡವು. ಹಾಗೆ ಕಾಣದ ಮರಿಗಳ ಸಹಜ ಒಲವು ಸೀಗಡಿಯ ಕಡೆಗೆ ಇರುತ್ತದೆ. ಮರಿಯ ಆಹಾರದ ಆಯ್ಕೆ ಹುಟ್ಟುವುದಕ್ಕೆ ಮೊದಲೇ ರೂಪುಗೊಳ್ಳತೊಡಗುತ್ತದೆ ಎಂಬುದು ಇದರಿಂದ ತಿಳಿದುಬಂದಿದೆ.

ನವಜಾತ ಮರಿ

ಹೊಸದಾಗಿ ಹುಟ್ಟಿದ ಮರಿಯ ಮ್ಯಾಂಟಲ್, ಅಂದರೆ ಒಳಾಂಗಗಳನ್ನು ಆವರಿಸಿರುವ ಸ್ನಾಯುಕವಚ, ಸುಮಾರು 6ರಿಂದ 9 ಮಿಲಿಮೀಟರ್ ಉದ್ದವಿರುತ್ತದೆ. ತೂಕ ಸುಮಾರು 0.1 ಗ್ರಾಂ. ಅಷ್ಟಪದಿಗಳ ಅನೇಕ ಪ್ರಭೇದಗಳಲ್ಲಿ ಮರಿಗಳು ಮೊದಲು ನೀರಿನಲ್ಲಿ ತೇಲಾಡುವ ಪ್ಲವಕ ಜೀವನವನ್ನು ಕಳೆಯುತ್ತವೆ. ಕಟ್ಲ್‌ಫಿಶ್‌ನಲ್ಲಿ ಅಂಥ ಘಟ್ಟವಿಲ್ಲ. ಮರಿಯು ಪ್ರೌಢ ಪ್ರಾಣಿಯ ಪುಟ್ಟ ಪ್ರತಿರೂಪವಾಗಿಯೇ ಹೊರಬರುತ್ತದೆ: ಎಂಟು ತೋಳುಗಳು, ಬೇಟೆ ಹಿಡಿಯುವ ಎರಡು ಉದ್ದನೆಯ ಗ್ರಾಹಕ ಬಾಹುಗಳು, ದೊಡ್ಡ ಕಣ್ಣುಗಳು, ಶಾಯಿ ಚೀಲ, ಚರ್ಮದ ಬಣ್ಣ ಬದಲಿಸುವ ವರ್ಣಕೋಶಗಳು ಎಲ್ಲವೂ ಆಗಲೇ ಇರುತ್ತವೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಯು ಮರಳಿನಲ್ಲಿ ಹುದುಗಿ ಕೂರುತ್ತದೆ, ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುತ್ತದೆ.

ಮರಿಯ ದೇಹದೊಳಗೆ ಪೀತಕದ ಒಂದು ಭಾಗ ಉಳಿದಿರುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಅದು ಎರಡು ಮೂಲಗಳಿಂದ ಪೋಷಣೆ ಪಡೆಯುತ್ತದೆ: ಒಳಗೆ ಉಳಿದ ಪೀತಕ ಮತ್ತು ಹೊರಗಿನ ಬೇಟೆ. ನೀರು ಬೆಚ್ಚಗಿದ್ದಷ್ಟೂ ಪೀತಕ ಬೇಗ ಮುಗಿಯುತ್ತದೆ. ಪೀತಕ ಮುಗಿಯುವ ಮೊದಲು ಬೇಟೆಯನ್ನು ಆರಂಭಿಸದ ಮರಿ ಬದುಕುಳಿಯುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಮರಿಗಳಲ್ಲಿ ಹೊರಗಿನ ಪೀತಕ ಚೀಲ ಇನ್ನೂ ಅಂಟಿಕೊಂಡಿರಬಹುದು. ಮೊಟ್ಟೆಗಳನ್ನು ಅಲುಗಾಡಿಸುವುದು, ಉಷ್ಣತೆಯನ್ನು ಹಠಾತ್ತನೆ ಬದಲಿಸುವುದು ಇಂಥ ಅಕಾಲಿಕ ಜನನಕ್ಕೆ ಕಾರಣವಾಗುತ್ತವೆ.

ಜೀರ್ಣಕ್ರಿಯೆಯ ಬದಲಾವಣೆ

ಮೇಲ್ನೋಟಕ್ಕೆ ಪ್ರೌಢ ಪ್ರಾಣಿಯಂತೆ ಕಂಡರೂ ನವಜಾತ ಮರಿಯ ಜೀರ್ಣಾಂಗ ಇನ್ನೂ ಅಪಕ್ವವಾಗಿರುತ್ತದೆ. ಮೊದಲ ವಾರಗಳಲ್ಲಿ ಆಹಾರವು ಮುಖ್ಯವಾಗಿ ಜೀರ್ಣಗ್ರಂಥಿಯ ಜೀವಕೋಶಗಳ ಒಳಗೆ, ಆಮ್ಲೀಯ ಕಿಣ್ವಗಳ ನೆರವಿನಿಂದ ಜೀರ್ಣವಾಗುತ್ತದೆ. ಗ್ರಂಥಿ ಬೆಳೆದಂತೆ ಕಿಣ್ವಗಳು ಜೀರ್ಣನಾಳಕ್ಕೆ ಸ್ರವಿಸತೊಡಗುತ್ತವೆ. ಆಗ ಜೀವಕೋಶಗಳ ಹೊರಗೆ ನಡೆಯುವ, ಕ್ಷಾರೀಯ ಕಿಣ್ವಗಳ ಜೀರ್ಣಕ್ರಿಯೆ ಪ್ರಧಾನವಾಗುತ್ತದೆ. ಈ ಪರಿವರ್ತನೆ ಸುಮಾರು ಒಂದು ತಿಂಗಳಿನಲ್ಲಿ ಪೂರ್ಣಗೊಳ್ಳುತ್ತದೆ.

ಸಾಕಣೆಯ ದೃಷ್ಟಿಯಿಂದ ಈ ಬದಲಾವಣೆ ಮಹತ್ವದ್ದು. ಮೊದಲ ತಿಂಗಳಿನ ಮರಿಗೆ ಪುಡಿ ಆಹಾರವಾಗಲಿ ಸತ್ತ ಮೀನಿನ ತುಂಡಾಗಲಿ ಹಿಡಿಸದಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ಚಲಿಸದ ವಸ್ತುವನ್ನು ಅದು ಬೇಟೆಯೆಂದು ಗುರುತಿಸುವುದಿಲ್ಲ. ಎರಡು, ನುಂಗಿದರೂ ಅದನ್ನು ಸಂಪೂರ್ಣ ಬಳಸಿಕೊಳ್ಳುವ ಸಾಮರ್ಥ್ಯ ಇನ್ನೂ ಬಂದಿರುವುದಿಲ್ಲ.

ಬೆಳವಣಿಗೆಯ ಸ್ವರೂಪ

ಸಾಕಣೆಯಲ್ಲಿ ಕಟ್ಲ್‌ಫಿಶ್‌ನ ತೂಕ ಎರಡು ಹಂತಗಳಲ್ಲಿ ಏರುತ್ತದೆ. ಮೊದಲನೆಯದು ಘಾತೀಯ ಹಂತ. ಇದರಲ್ಲಿ ದೇಹತೂಕವು ಪ್ರತಿದಿನ ಹೆಚ್ಚುಕಡಿಮೆ ಒಂದೇ ಪ್ರತಿಶತದ ದರದಲ್ಲಿ ಹೆಚ್ಚುತ್ತದೆ. ಚಕ್ರಬಡ್ಡಿಯಂತೆ, ನಿನ್ನೆಯ ಗಳಿಕೆಯ ಮೇಲೂ ಇಂದು ಗಳಿಕೆ ಸೇರುತ್ತದೆ. ಎರಡನೆಯ ಹಂತದಲ್ಲಿ ದಿನದ ದರ ಕ್ರಮೇಣ ಇಳಿಯುತ್ತದೆ. ಪ್ರಾಣಿ ಗಾತ್ರದಲ್ಲಿ ಬೆಳೆಯುತ್ತಲೇ ಇದ್ದರೂ ಆಹಾರದ ಹೆಚ್ಚಿನ ಪಾಲು ದೇಹದ ನಿರ್ವಹಣೆಗೆ, ಮುಂದೆ ಸಂತಾನೋತ್ಪತ್ತಿಗೆ ವ್ಯಯವಾಗುತ್ತದೆ.

ದರವನ್ನು ಅಳೆಯಲು ಎರಡು ತೂಕಗಳ ಸ್ವಾಭಾವಿಕ ಲಘುಗಣಕಗಳ ವ್ಯತ್ಯಾಸವನ್ನು ನಡುವಿನ ದಿನಗಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಇದನ್ನು ತತ್‌ಕ್ಷಣದ ಬೆಳವಣಿಗೆ ದರ ಎನ್ನುತ್ತಾರೆ. ಒಳ್ಳೆಯ ಆಹಾರ ಮತ್ತು ಬೆಚ್ಚಗಿನ ನೀರು ದೊರೆತ ಮರಿಗಳಲ್ಲಿ ಇದು ದಿನಕ್ಕೆ ಸುಮಾರು 5ರಿಂದ 10 ಪ್ರತಿಶತದವರೆಗೆ ಇರುತ್ತದೆ. ಈ ಸಣ್ಣ ಅಂತರಗಳ ಪರಿಣಾಮವನ್ನು 0.1 ಗ್ರಾಂ ತೂಕದ ಮರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕಬಹುದು:

• ದಿನಕ್ಕೆ 5 ಪ್ರತಿಶತ ದರ: ತೂಕ ಇಮ್ಮಡಿಯಾಗಲು ಸುಮಾರು 14 ದಿನ, 30ನೆಯ ದಿನ ಸುಮಾರು 0.45 ಗ್ರಾಂ.
• ದಿನಕ್ಕೆ 7 ಪ್ರತಿಶತ ದರ: ತೂಕ ಇಮ್ಮಡಿಯಾಗಲು ಸುಮಾರು 10 ದಿನ, 30ನೆಯ ದಿನ ಸುಮಾರು 0.8 ಗ್ರಾಂ.
• ದಿನಕ್ಕೆ 10 ಪ್ರತಿಶತ ದರ: ತೂಕ ಇಮ್ಮಡಿಯಾಗಲು ಸುಮಾರು 7 ದಿನ, 30ನೆಯ ದಿನ ಸುಮಾರು 2 ಗ್ರಾಂ.

ಒಂದೇ ತಾಯಿಯ ಮರಿಗಳು ಒಂದೇ ದಿನ ಹುಟ್ಟಿದರೂ ತಿಂಗಳ ಕೊನೆಗೆ ನಾಲ್ಕು ಪಟ್ಟಿಗಿಂತ ಹೆಚ್ಚು ಅಂತರದಲ್ಲಿ ಇರಬಹುದೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಸಾಕಣೆ ತೊಟ್ಟಿಗಳಲ್ಲಿ ಒಂದೇ ವಯಸ್ಸಿನ ಮರಿಗಳ ನಡುವೆ ಇಂಥ ಗಾತ್ರವ್ಯತ್ಯಾಸ ಸಾಮಾನ್ಯ. ವಯಸ್ಸಿನಿಂದ ಗಾತ್ರವನ್ನಾಗಲಿ, ಗಾತ್ರದಿಂದ ವಯಸ್ಸನ್ನಾಗಲಿ ನೇರವಾಗಿ ಊಹಿಸಲಾಗದು.

ಉಷ್ಣತೆಯ ಪ್ರಭಾವ

ಶಿರಪಾದಿಗಳು ಶೀತರಕ್ತ ಪ್ರಾಣಿಗಳಾದ್ದರಿಂದ ನೀರಿನ ಉಷ್ಣತೆ ಅವುಗಳ ಚಯಾಪಚಯವನ್ನು ನೇರವಾಗಿ ನಿಯಂತ್ರಿಸುತ್ತದೆ. ಉಷ್ಣತೆ ಏರಿದಂತೆ ಮರಿ ಹೆಚ್ಚು ತಿನ್ನುತ್ತದೆ, ಹೆಚ್ಚು ಬೇಗ ಬೆಳೆಯುತ್ತದೆ. ಅಮೆರಿಕದ ಸಂಶೋಧಕ ಜಾನ್ ಫೋರ್ಸೈತ್ 1993ರಲ್ಲಿ ಮಂಡಿಸಿದ ಊಹಾಸಿದ್ಧಾಂತದ ಪ್ರಕಾರ, ಘಾತೀಯ ಹಂತದಲ್ಲಿ ಉಷ್ಣತೆಯ ಅಲ್ಪ ವ್ಯತ್ಯಾಸವೂ ಮುಂದೆ ಗಾತ್ರದಲ್ಲಿ ಬಹುದೊಡ್ಡ ವ್ಯತ್ಯಾಸವಾಗಿ ಪರಿಣಮಿಸುತ್ತದೆ. ಋತುವಿನ ಆರಂಭದಲ್ಲಿ ತಂಪು ನೀರಿನಲ್ಲಿ ಹುಟ್ಟಿದ ಮರಿಗಳನ್ನು ಕೆಲವು ವಾರ ತಡವಾಗಿ ಬೆಚ್ಚಗಿನ ನೀರಿನಲ್ಲಿ ಹುಟ್ಟಿದ ಮರಿಗಳು ಗಾತ್ರದಲ್ಲಿ ಹಿಂದಿಕ್ಕಬಹುದು. ಈ ವಿಚಾರವನ್ನು 'ಫೋರ್ಸೈತ್ ಊಹಾಸಿದ್ಧಾಂತ' ಎಂದೇ ಕರೆಯುತ್ತಾರೆ.

ವೇಗಕ್ಕೆ ಬೆಲೆಯೂ ಇದೆ. ಬೆಚ್ಚಗಿನ ನೀರಿನಲ್ಲಿ ಬೆಳೆದ ಪ್ರಾಣಿ ಬೇಗ ಪ್ರೌಢವಾಗುತ್ತದೆ, ಸಂತಾನೋತ್ಪತ್ತಿಯ ಬಳಿಕ ಬೇಗ ಸಾಯುತ್ತದೆ. ಇಂಗ್ಲಿಷ್ ಕಾಲುವೆಯಲ್ಲಿ ಎರಡು ವರ್ಷ ಹಿಡಿಯುವ ಜೀವನಚಕ್ರ ಬೆಚ್ಚಗಿನ ತೊಟ್ಟಿಯಲ್ಲಿ ಒಂದು ವರ್ಷದೊಳಗೆ ಮುಗಿಯುತ್ತದೆ. ಅಲ್ಲದೆ ಉಷ್ಣತೆ ಹೆಚ್ಚಿದಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಅದೇ ವೇಳೆ ಮರಿಯ ಆಮ್ಲಜನಕದ ಅಗತ್ಯವೂ ಆಹಾರದ ಅಗತ್ಯವೂ ಹೆಚ್ಚುತ್ತವೆ. ಆಹಾರ ಸಾಲದಿದ್ದರೆ ಬೆಚ್ಚಗಿನ ನೀರು ಬೆಳವಣಿಗೆಗೆ ನೆರವಾಗುವ ಬದಲು ಹಸಿವಿನಿಂದ ಸಾಯುವುದನ್ನು ಬೇಗವಾಗಿಸುತ್ತದೆ.

ಆಹಾರ

ಮರಿಗಳು ಹುಟ್ಟಿನಿಂದಲೇ ಮಾಂಸಾಹಾರಿಗಳು. ಬೇಟೆಯು ಮೂರು ಹೆಜ್ಜೆಗಳಲ್ಲಿ ನಡೆಯುತ್ತದೆ: ಬೇಟೆಯನ್ನು ಗಮನಿಸಿ ಅದರತ್ತ ತಿರುಗುವುದು, ತಕ್ಕ ದೂರಕ್ಕೆ ಬಂದು ನಿಲ್ಲುವುದು, ಗ್ರಾಹಕ ಬಾಹುಗಳನ್ನು ಚಿಮ್ಮಿಸಿ ಹಿಡಿಯುವುದು. ಈ ಕ್ರಮವನ್ನು ಕಲಿಸಿಕೊಡಲು ತಾಯಿ ಇರುವುದಿಲ್ಲ. ಮೊಟ್ಟೆಯಿಟ್ಟ ಬಳಿಕ ಹೆಣ್ಣು ಅವುಗಳ ಆರೈಕೆ ಮಾಡುವುದಿಲ್ಲ. ಆರಂಭದಲ್ಲಿ ಹೊಡೆತ ಗುರಿತಪ್ಪುವುದುಂಟು, ಅನುಭವದೊಂದಿಗೆ ಸುಧಾರಿಸುತ್ತದೆ.

ಮೊದಲ ವಾರಗಳಿಗೆ ಅತ್ಯುತ್ತಮವೆಂದು ಕಂಡುಬಂದಿರುವ ಆಹಾರ ಜೀವಂತ ಮೈಸಿಡ್‌ಗಳು. ಇವು ಸೀಗಡಿಯನ್ನು ಹೋಲುವ, ಕೆಲವೇ ಮಿಲಿಮೀಟರ್ ಉದ್ದದ ಕಠಿಣಚರ್ಮಿಗಳು. ಮರಿ ಬೆಳೆದಂತೆ ಜೀವಂತ ಪುಟ್ಟ ಸೀಗಡಿಗಳನ್ನು ಕೊಡಲಾಗುತ್ತದೆ. ಮೀನು ಸಾಕಣೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಆರ್ಟೀಮಿಯಾ ಅಗ್ಗವಾಗಿ, ಯಾವಾಗ ಬೇಕಾದರೂ ದೊರೆಯುವಂಥದ್ದು. ಆದರೆ ಕಟ್ಲ್‌ಫಿಶ್ ಮರಿಗಳಿಗೆ ಕೇವಲ ಆರ್ಟೀಮಿಯಾ ಕೊಟ್ಟಾಗ ಬೆಳವಣಿಗೆ ಕುಂಠಿತವಾಗುತ್ತದೆ, ಸಾವು ಹೆಚ್ಚುತ್ತದೆ. ಪೋರ್ಚುಗಲ್‌ನ ಅಲ್ಗಾರ್ವೆ ಪ್ರದೇಶದಲ್ಲಿ ನಡೆದ ಸಾಕಣೆ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿವೆ.

ಈ ಅಂತರಕ್ಕೆ ಪೋಷಕಾಂಶಗಳೇ ಕಾರಣ. ಶಿರಪಾದಿಗಳು ಶಕ್ತಿಗಾಗಿ ಕೊಬ್ಬಿಗಿಂತ ಪ್ರೋಟೀನನ್ನು ಹೆಚ್ಚಾಗಿ ಅವಲಂಬಿಸುತ್ತವೆ. ಕೊಬ್ಬಿನ ಒಟ್ಟು ಪ್ರಮಾಣ ಕಡಿಮೆ ಸಾಕಾದರೂ ಅದರಲ್ಲಿ ಫಾಸ್ಫೊಲಿಪಿಡ್‌ಗಳೂ ಉದ್ದ ಸರಪಳಿಯ ಬಹು ಅಪರ್ಯಾಪ್ತ ಮೇದಾಮ್ಲಗಳೂ ಇರಲೇಬೇಕು. ವೇಗವಾಗಿ ಬೆಳೆಯುವ ನರಮಂಡಲ ಮತ್ತು ಕಣ್ಣುಗಳಿಗೆ ಇವು ಅಗತ್ಯ. ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹೀಮೋಸಯನಿನ್ ತಾಮ್ರವನ್ನು ಆಧರಿಸಿರುವುದರಿಂದ ಆಹಾರದಲ್ಲಿ ತಾಮ್ರವೂ ಬೇಕು.

ಮರಿಯು ದಿನಕ್ಕೆ ತನ್ನ ತೂಕದ 10ರಿಂದ 30 ಪ್ರತಿಶತದಷ್ಟು ತಿನ್ನುತ್ತದೆ. ಬೆಚ್ಚಗಿನ ನೀರಿನಲ್ಲಿ ಪ್ರಮಾಣ ಹೆಚ್ಚು. ತಿಂದದ್ದರ ಗಣನೀಯ ಪಾಲು ದೇಹತೂಕವಾಗಿ ಪರಿವರ್ತನೆಯಾಗುತ್ತದೆ. ಒಂದೆರಡು ತಿಂಗಳ ಬಳಿಕ ಹೆಚ್ಚಿನ ಮರಿಗಳನ್ನು ಹಿಮೀಕರಿಸಿದ ಸೀಗಡಿ ಮತ್ತು ಮೀನಿಗೆ ಹೊಂದಿಸಬಹುದು. ಆದರೆ ಮೊದಲ ವಾರಗಳಿಗೆ ಜೀವಂತ ಆಹಾರದ ಅಗತ್ಯ ತಪ್ಪುವುದಿಲ್ಲ. ಮೈಸಿಡ್‌ಗಳನ್ನು ಹಿಡಿಯುವುದೂ ಬೆಳೆಸುವುದೂ ಶ್ರಮದ, ದುಬಾರಿಯ ಕೆಲಸ. ವಾಣಿಜ್ಯ ಪ್ರಮಾಣದ ಸಾಕಣೆಗೆ ಇದು ಇಂದಿಗೂ ಮುಖ್ಯ ಅಡಚಣೆ.

ಒಳಚಿಪ್ಪಿನ ಬೆಳವಣಿಗೆ

ಸಮುದ್ರಫೇನವು ಒಂದರ ಮೇಲೊಂದು ಜೋಡಿಸಿದ ತೆಳುವಾದ ಸುಣ್ಣದ ಪದರಗಳಿಂದಾದ ರಚನೆ. ಪದರಗಳ ನಡುವಿನ ಕೋಣೆಗಳಲ್ಲಿ ಅನಿಲ ಮತ್ತು ದ್ರವ ಇರುತ್ತವೆ. ಇವುಗಳ ಪ್ರಮಾಣವನ್ನು ಬದಲಿಸಿ ಪ್ರಾಣಿಯು ನೀರಿನಲ್ಲಿ ತನ್ನ ತೇಲುವಿಕೆಯನ್ನು ಹೊಂದಿಸಿಕೊಳ್ಳುತ್ತದೆ. ಬ್ರಿಟನ್ನಿನ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ 1961ರಲ್ಲಿ ಇದರ ಕಾರ್ಯವಿಧಾನವನ್ನು ವಿವರಿಸಿದರು. ಮೊದಲ ಕೆಲವು ಕೋಣೆಗಳು ಭ್ರೂಣಾವಸ್ಥೆಯಲ್ಲೇ ರೂಪುಗೊಂಡಿರುತ್ತವೆ.

ಮರಗಳ ವಾರ್ಷಿಕ ಉಂಗುರಗಳಂತೆ ಈ ಪದರಗಳನ್ನು ಎಣಿಸಿ ವಯಸ್ಸನ್ನು ತಿಳಿಯಬಹುದೇ ಎಂಬುದು ಹಳೆಯ ಪ್ರಶ್ನೆ. ವಯಸ್ಸು ನಿಖರವಾಗಿ ಗೊತ್ತಿರುವ ಸಾಕಿದ ಮರಿಗಳು ಇದಕ್ಕೆ ಉತ್ತರ ಕೊಟ್ಟಿವೆ. ಪದರಗಳು ದಿನಕ್ಕೊಂದರಂತೆ ಬೆಳೆಯುವುದಿಲ್ಲ. ಅವುಗಳ ಸಂಖ್ಯೆ ಮತ್ತು ಅಂತರ ಉಷ್ಣತೆ ಹಾಗೂ ಆಹಾರವನ್ನು ಅವಲಂಬಿಸಿವೆ. ಹಸಿದ ಪ್ರಾಣಿಯಲ್ಲಿ ಪದರಗಳು ಒತ್ತೊತ್ತಾಗಿರುತ್ತವೆ. ಸಮತೋಲನ ಅಂಗದಲ್ಲಿರುವ ಸ್ಟಾಟೋಲಿತ್ ಎಂಬ ಪುಟ್ಟ ಹರಳಿನಲ್ಲಿ ದಿನಕ್ಕೊಂದು ಉಂಗುರ ಮೂಡುತ್ತದೆಯಾದರೂ ಅದನ್ನು ಸುಮಾರು 240 ದಿನಗಳ ವಯಸ್ಸಿನವರೆಗೆ ಮಾತ್ರ ಸ್ಪಷ್ಟವಾಗಿ ಓದಬಹುದೆಂದು 2001ರ ಅಧ್ಯಯನವೊಂದು ತಿಳಿಸಿದೆ.

ಸಾಗರದ ಆಮ್ಲೀಕರಣದ ಹಿನ್ನೆಲೆಯಲ್ಲಿಯೂ ಒಳಚಿಪ್ಪಿನ ಅಧ್ಯಯನ ನಡೆದಿದೆ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಗಾಲದ ಡೈಆಕ್ಸೈಡ್ ಅತಿ ಹೆಚ್ಚಾಗಿದ್ದ ನೀರಿನಲ್ಲಿ ಆರು ವಾರ ಬೆಳೆದ ಮರಿಗಳು ತೂಕದಲ್ಲಿ ಹಿಂದೆ ಬೀಳಲಿಲ್ಲ; ಒಳಚಿಪ್ಪಿನಲ್ಲಿ ಸುಣ್ಣದ ಶೇಖರಣೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಚಿಪ್ಪು ದಟ್ಟವಾದಷ್ಟೂ ತೇಲುವಿಕೆಯನ್ನು ಕಾಯ್ದುಕೊಳ್ಳುವುದು ಕಷ್ಟವಾಗಬಹುದಾದ್ದರಿಂದ ಇದನ್ನು ಅನುಕೂಲವೆಂದು ಸರಳವಾಗಿ ತೀರ್ಮಾನಿಸಲಾಗದು.

ತೊಟ್ಟಿಯ ಪರಿಸರ ಮತ್ತು ಕಲಿಕೆ

ಕಟ್ಲ್‌ಫಿಶ್ ಬೆದರಿದಾಗ ನೀರನ್ನು ಚಿಮ್ಮಿಸಿ ಹಿಮ್ಮುಖವಾಗಿ ಹಾರುತ್ತದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ದೇಹದ ಹಿಂತುದಿ ಗೋಡೆಗೆ ಬಡಿದು ಗಾಯವಾಗುತ್ತದೆ. ಗಾಯಕ್ಕೆ ಸೋಂಕು ತಗುಲಿದರೆ ಪ್ರಾಣಿ ಸಾಯಬಹುದು. ಇದನ್ನು ತಪ್ಪಿಸಲು ಮೂಲೆಗಳಿಲ್ಲದ ದುಂಡನೆಯ ತೊಟ್ಟಿ, ಮಂದ ಬೆಳಕು ಮತ್ತು ಶಾಂತ ವಾತಾವರಣ ಒದಗಿಸುತ್ತಾರೆ. ಪ್ರೋಟೀನ್ ಪ್ರಧಾನ ಆಹಾರದಿಂದಾಗಿ ಶಿರಪಾದಿಗಳು ಮೀನುಗಳಿಗಿಂತ ಹೆಚ್ಚು ಅಮೋನಿಯಾ ವಿಸರ್ಜಿಸುತ್ತವೆ. ಆದ್ದರಿಂದ ಸಮರ್ಥ ಜೈವಿಕ ಶೋಧಕ ಅಥವಾ ನಿರಂತರ ಹೊಸ ಸಮುದ್ರದ ನೀರು ಅನಿವಾರ್ಯ. ಆಹಾರ ಧಾರಾಳವಾಗಿದ್ದರೆ ಮರಿಗಳನ್ನು ಸಾಕಷ್ಟು ಒತ್ತಾಗಿ ಸಾಕಬಹುದು; ಆಹಾರ ಕೊರತೆಯಾದಾಗ ದೊಡ್ಡವು ಚಿಕ್ಕವನ್ನು ತಿನ್ನುವುದುಂಟು.

ಬೆಳವಣಿಗೆಗೆ ಆಹಾರ ಮತ್ತು ಉಷ್ಣತೆ ಮಾತ್ರ ಸಾಲದು ಎಂಬುದನ್ನು 2000ದಲ್ಲಿ ಲೂಡೊವಿಕ್ ಡಿಕೆಲ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಮರಳು, ಕಲ್ಲು, ಸಸ್ಯದಂಥ ಮರೆಗಳಿದ್ದ ತೊಟ್ಟಿಯಲ್ಲಿ ಜೊತೆಗಾರರೊಂದಿಗೆ ಬೆಳೆದ ಮರಿಗಳು, ಬರಿದಾದ ತೊಟ್ಟಿಯಲ್ಲಿ ಒಂಟಿಯಾಗಿ ಬೆಳೆದ ಮರಿಗಳಿಗಿಂತ ಬೇಗ ಬೆಳೆದವು. ಗಾಜಿನ ಕೊಳವೆಯೊಳಗಿನ ಸೀಗಡಿಯ ಮೇಲೆ ಎರಗುವುದು ವ್ಯರ್ಥವೆಂದು ಕಲಿತು ನೆನಪಿಟ್ಟುಕೊಳ್ಳುವುದರಲ್ಲಿಯೂ ಅವು ಮುಂದಿದ್ದವು. ಒಂದು ತಿಂಗಳೊಳಗಿನ ಮರಿಗಳಲ್ಲಿ ದೀರ್ಘಕಾಲದ ನೆನಪು ದುರ್ಬಲವಾಗಿರುತ್ತದೆ. ಮುಂದಿನ ತಿಂಗಳುಗಳಲ್ಲಿ ಮೆದುಳಿನ ಸಂಬಂಧಪಟ್ಟ ಭಾಗ ಬೆಳೆದಂತೆ ಅದು ಬಲಗೊಳ್ಳುತ್ತದೆ.

ಅಳತೆಯ ಸಮಸ್ಯೆಗಳು

ಮರಿಯ ತೂಕವನ್ನು ನಿಖರವಾಗಿ ತಿಳಿಯುವುದು ಸುಲಭವಲ್ಲ. ಮ್ಯಾಂಟಲ್‌ನೊಳಗೆ ನಿಂತ ನೀರು ತೂಕವನ್ನು ಹೆಚ್ಚಿಸಿ ತೋರಿಸುತ್ತದೆ, ಪದೇ ಪದೇ ಹಿಡಿದೆತ್ತುವುದು ಗಾಯಕ್ಕೂ ಒತ್ತಡಕ್ಕೂ ಕಾರಣವಾಗುತ್ತದೆ. ಇದಲ್ಲದೆ ಸರಾಸರಿಯೇ ದಾರಿತಪ್ಪಿಸಬಹುದು. ಚಿಕ್ಕ ಮರಿಗಳೇ ಹೆಚ್ಚಾಗಿ ಸತ್ತ ತೊಟ್ಟಿಯಲ್ಲಿ ಬದುಕುಳಿದವುಗಳ ಸರಾಸರಿ ತೂಕ ಏರುತ್ತದೆ. ಆ ಏರಿಕೆ ಬೆಳವಣಿಗೆಯಂತೆ ಕಂಡರೂ ಬೆಳವಣಿಗೆಯಲ್ಲ. ಆದ್ದರಿಂದ ತೂಕದ ಜೊತೆಗೆ ಉಳಿವಿನ ಪ್ರಮಾಣವನ್ನೂ ವರದಿ ಮಾಡುವುದು ಅಗತ್ಯ.

ಇತಿಹಾಸ

ಜರ್ಮನಿಯ ಗೇಯೋರ್ಗ್ ಗ್ರಿಂಪೆ 1928ರಲ್ಲೇ ಪ್ರಯೋಗಾಲಯದಲ್ಲಿ ಶಿರಪಾದಿಗಳ ಪಾಲನೆಯ ಕುರಿತು ಬರೆದಿದ್ದನು. 1966ರಲ್ಲಿ ಚೋ ಸಾಂಗ್ ಹಲವು ಶಿರಪಾದಿಗಳ ಮೊಟ್ಟೆ, ಮರಿಸಾಕಣೆ ಮತ್ತು ಬೆಳವಣಿಗೆಯ ವಿವರಗಳನ್ನು ಪ್ರಕಟಿಸಿದನು. 1978ರಲ್ಲಿ ಸ್ಪೇನ್‌ನಿಂದ ಮೂರು ಪೀಳಿಗೆಗಳ ಸಾಕಣೆಯ ವರದಿ ಬಂದಿತು. ಫ್ರಾನ್ಸಿನ ಬನ್ಯುಲ್ಸ್-ಸುರ್-ಮೇರ್‌ನ ಪ್ರಯೋಗಾಲಯದಲ್ಲಿ ಸಿಗುರ್ಡ್ ಫಾನ್ ಬೋಲೆಟ್ಸ್ಕಿ ಭ್ರೂಣ ಮತ್ತು ಮರಿಗಳ ಬೆಳವಣಿಗೆಯನ್ನು ದೀರ್ಘಕಾಲ ಅಭ್ಯಸಿಸಿದರು. ಅಮೆರಿಕದ ಟೆಕ್ಸಸ್ ರಾಜ್ಯದ ಗಾಲ್ವೆಸ್ಟನ್‌ನಲ್ಲಿ ಫೋರ್ಸೈತ್, ಡಿರೂಷಾ ಮತ್ತು ಹ್ಯಾನ್ಲನ್ ಸತತ ಏಳು ಪೀಳಿಗೆಗಳನ್ನು ಸಾಕಿದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು.

ಭಾರತದಲ್ಲಿ

ಭಾರತದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಂಜಂ ಕೇಂದ್ರವು ಸಮುದ್ರದಿಂದ ಸಂಗ್ರಹಿಸಿದ ಫರೋ ಕಟ್ಲ್‌ಫಿಶ್ ಮೊಟ್ಟೆಗಳಿಂದ ಮರಿ ಮಾಡಿಸಿ, ಪ್ರೌಢಾವಸ್ಥೆಯವರೆಗೆ ಸಾಕಿದ ವರದಿಯನ್ನು 2005ರಲ್ಲಿ ಪ್ರಕಟಿಸಿತು. ಸುಮಾರು ಏಳೂವರೆ ತಿಂಗಳಲ್ಲಿ ಪ್ರಾಣಿಗಳ ಸರಾಸರಿ ತೂಕ ಅರ್ಧ ಕಿಲೋಗ್ರಾಮಿನಷ್ಟಾಗಿತ್ತು.

ಮಂಗಳೂರು ಮತ್ತು ಮಲ್ಪೆ ಬಂದರುಗಳಿಗೆ ಬರುವ ಕಟ್ಲ್‌ಫಿಶ್‌ನ ಮುಖ್ಯ ಪ್ರಭೇದವೂ ಇದೇ. ಕರ್ನಾಟಕದ ಕರಾವಳಿಯಾಚೆ ತೆಂಗಿನ ಹೊಂಬಾಳೆ, ಗರಿಗಳ ಕಟ್ಟುಗಳನ್ನು ಭಾರ ಕಟ್ಟಿ ಸಮುದ್ರದಲ್ಲಿ ಇಳಿಬಿಟ್ಟು, ಆಸರೆಗಾಗಿ ಸೇರುವ ಕಟ್ಲ್‌ಫಿಶ್‌ಗಳನ್ನು ಹಿಡಿಯುವ ಕ್ರಮ ಬಳಕೆಗೆ ಬಂದು ಮೀನುಗಾರರ ನಡುವೆ ವಿವಾದಕ್ಕೂ ಕಾರಣವಾಗಿದೆ. ಇಂಥ ಕಟ್ಟುಗಳತ್ತ ಮೊಟ್ಟೆಯಿಡಲು ಬರುವ ಪ್ರೌಢ ಪ್ರಾಣಿಗಳೇ ಬಲಿಯಾಗುತ್ತವೆ ಎಂಬುದು ಮುಖ್ಯ ಆಕ್ಷೇಪ. ಆಯುಸ್ಸು ಅಲ್ಪವಾಗಿರುವ ಈ ಪ್ರಾಣಿಯಲ್ಲಿ ಮುಂದಿನ ವರ್ಷದ ಸಂತತಿ ಬಹುಮಟ್ಟಿಗೆ ಈ ವರ್ಷದ ಮೊಟ್ಟೆಗಳನ್ನೇ ಅವಲಂಬಿಸಿರುತ್ತದೆ.

ಪ್ರಾಣಿಕಲ್ಯಾಣ

ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನವು ವೈಜ್ಞಾನಿಕ ಪ್ರಯೋಗಗಳಲ್ಲಿ ಬಳಸುವ ಜೀವಂತ ಶಿರಪಾದಿಗಳಿಗೂ ಕಾನೂನಿನ ರಕ್ಷಣೆಯನ್ನು ವಿಸ್ತರಿಸಿತು. ಇದು 2013ರ ಜನವರಿಯಿಂದ ಜಾರಿಗೆ ಬಂದಿತು. ಅಕಶೇರುಕಗಳಲ್ಲಿ ಈ ರಕ್ಷಣೆ ದೊರೆತದ್ದು ಶಿರಪಾದಿಗಳಿಗೆ ಮಾತ್ರ. ಪರಿಣಾಮವಾಗಿ ಮರಿಗಳ ಸಾಂದ್ರತೆ, ತೊಟ್ಟಿಯ ರಚನೆ, ಜೀವಂತ ಆಹಾರ ಮತ್ತು ಅಳತೆಯ ವಿಧಾನಗಳು ಇಳುವರಿಯ ದೃಷ್ಟಿಯಿಂದ ಮಾತ್ರವಲ್ಲದೆ ಪ್ರಾಣಿಯ ನೋವು ಹಾಗೂ ಒತ್ತಡವನ್ನು ಕಡಿಮೆ ಮಾಡುವ ದೃಷ್ಟಿಯಿಂದಲೂ ಪರಿಶೀಲನೆಗೆ ಒಳಗಾಗುತ್ತಿವೆ.

ಇವನ್ನೂ ನೋಡಿ

• ಶಿರಪಾದಿಗಳು
• ಮೃದ್ವಂಗಿಗಳು
• ಅಷ್ಟಪದಿ
• ಜಲಚರ ಸಾಕಣೆ